ಹಳೆಯ ಯಂತ್ರ, ತಡವರಿಸುವ ಚಿತ್ರ

ಆಷಾಢದ ಮಳೆ ಹಂಚಿನ ಮೇಲೆ ಹೊಯ್ಯುತ್ತಿರುವ ಒಂದು ರಾತ್ರಿ. ಬಿಜೈಯಲ್ಲಾಗಲಿ, ಉರ್ವದಲ್ಲಾಗಲಿ, ಕಂಕನಾಡಿಯಲ್ಲಾಗಲಿ, ಮಂಗಳೂರಿನ ಇಂಥ ಮನೆಯೊಂದನ್ನು ಓದುಗರು ಸುಲಭವಾಗಿ ಊಹಿಸಿಕೊಳ್ಳಬಹುದು. ಚಾವಡಿಯ ಮೂಲೆಯಲ್ಲಿ ಒಂದು ಮೇಜು. ಮೇಜಿನ ಮೇಲೆ, ಮಗಳು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ 2017ರಲ್ಲಿ ಕಂತಿನ ಮೇಲೆ ಕೊಂಡ ಕಂಪ್ಯೂಟರು. ಮಗಳು ಓದು ಮುಗಿಸಿ ಬೆಂಗಳೂರು ಸೇರಿದಳು. ಯಂತ್ರ ತಮ್ಮನ ಪಾಲಿಗೆ ಬಂದಿತು. ಪಿ.ಯು.ಸಿ. ಎರಡನೆಯ ವರ್ಷದ ಆ ಹುಡುಗ ಪಾಠ ಮುಗಿಸಿ ಒಂದು ಗಂಟೆಯ ಮಟ್ಟಿಗೆ ಆಡಲು ಕುಳಿತಿದ್ದಾನೆ. ಗೋಡೆಯ ಮರೆಯಿಂದ ಎದುರಾಳಿ ಹೊರಗೆ ಬರುತ್ತಾನೆ; ಹುಡುಗ ಗುರಿಯಿಡುತ್ತಾನೆ; ಅಷ್ಟರಲ್ಲಿ ಚಿತ್ರ ಒಮ್ಮೆ ತಡವರಿಸಿ ನಿಲ್ಲುತ್ತದೆ. ಮತ್ತೆ ಚಲಿಸುವ ಹೊತ್ತಿಗೆ ಎದುರಾಳಿ ಬೇರೊಂದು ಕಡೆಯಲ್ಲಿದ್ದಾನೆ, ಹುಡುಗನ ಆಟ ಮುಗಿದಿದೆ.

"ಇದು ಮುದಿಯಾಯಿತು ಅಮ್ಮಾ. ಹೊಸತು ತೆಗೆಯದೆ ಆಗುವುದಿಲ್ಲ."

"ಎಂತ ಮಾರಾಯ, ಒಂಬತ್ತು ವರ್ಷಕ್ಕೇ ಮುದಿಯಾ? ನಮ್ಮ ಕಡೆಯುವ ಕಲ್ಲಿಗೆ ಅರುವತ್ತು ವರ್ಷ ಆಯಿತು. ಅದರಲ್ಲಿ ಈಗಲೂ ಅಕ್ಕಿ ಕಡೆಯುವುದಿಲ್ಲವಾ?"

"ಅದು ಕಲ್ಲು ಅಮ್ಮಾ!"

ತಂದೆ ಪತ್ರಿಕೆಯಿಂದ ತಲೆಯೆತ್ತುವುದಿಲ್ಲ. ಆದರೆ ಹುಡುಗ ಆಡಿದ ಎಪ್ಪತ್ತು ಸಾವಿರ ರೂಪಾಯಿಯ ಮಾತು ಅವರ ಕಿವಿಗೆ ಬೀಳದೆ ಇಲ್ಲ. ಮುಂದಿನ ವರ್ಷ ಕಾಲೇಜಿನ ಶುಲ್ಕವಿದೆ, ಮಳೆಗಾಲ ಕಳೆದೊಡನೆ ಮಾಡಿನ ಪಕ್ಕಾಸುಗಳನ್ನು ಬದಲಿಸಬೇಕಾಗಿದೆ.

ತಾಯಿಯ ಮಾತಿನಲ್ಲಿಯೂ ಮಗನ ಮಾತಿನಲ್ಲಿಯೂ ಅರ್ಧರ್ಧ ಸತ್ಯವಿದೆ. ಯಾವ ಅರ್ಧ ಎಷ್ಟು ತೂಗುತ್ತದೆಂಬುದನ್ನು ಅಳೆದು ನೋಡದೆ ಹಣ ಬಿಚ್ಚುವ ಮನೆಗಳೇ ಹೆಚ್ಚು. ಹಣ ಬಿಚ್ಚಲಾರದ ಮನೆಗಳಲ್ಲಿ ಹುಡುಗರು ಮುಖ ಊದಿಸಿಕೊಂಡು ಕೂರುತ್ತಾರೆ. ಎರಡೂ ಅನಗತ್ಯ.

ತಾಳಮದ್ದಳೆಯ ವೇಗ

ತೆರೆಯ ಮೇಲೆ ಕಣ್ಣಿಗೆ ಚಲನೆಯೆಂದು ತೋರುವುದು ವಾಸ್ತವವಾಗಿ ನಿಶ್ಚಲ ಚಿತ್ರಗಳ ಸಾಲು. ಒಂದೊಂದು ಚಿತ್ರಕ್ಕೂ ಫ್ರೇಮು ಎಂದು ಹೆಸರು. ವಾಕ್ಚಿತ್ರಗಳು ಬಂದಂದಿನಿಂದ ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು ಸಾಗುವುದು ರೂಢಿ. ಕಂಪ್ಯೂಟರ್ ಆಟದಲ್ಲಿ 30 ಇದ್ದರೆ ಸಹಿಸಬಹುದು, 60 ಇದ್ದರೆ ನಯವಾಗಿರುತ್ತದೆ. ಸಿನಿಮಾಕ್ಕೆ 24 ಸಾಕಾದಾಗ ಆಟಕ್ಕೇಕೆ 60 ಬೇಕು ಎಂದು ಹಿರಿಯರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಸಿನಿಮಾದ ಚಿತ್ರಗಳು ಎಂದೋ ತೆಗೆದಿಟ್ಟವು; ಪ್ರೇಕ್ಷಕ ಸುಮ್ಮನೆ ಕುಳಿತು ನೋಡುವವನು. ಆಟದ ಚಿತ್ರ ಮೊದಲೇ ಎಲ್ಲಿಯೂ ಇರುವುದಿಲ್ಲ. ಆಡುವವನ ಕೈ ಎತ್ತ ಚಲಿಸಿತೆಂಬುದನ್ನು ನೋಡಿಕೊಂಡು ಆ ಕ್ಷಣದಲ್ಲಿಯೇ ಅದನ್ನು ರಚಿಸಬೇಕು. ಸಿನಿಮಾ ಅಚ್ಚಾದ ಪುಸ್ತಕವಾದರೆ ಆಟ ತಾಳಮದ್ದಳೆ. ಎದುರಿನ ಅರ್ಥಧಾರಿ ಏನು ಹೇಳುವನೋ ತಿಳಿಯದು. ಅವನು ಹೇಳಿ ಮುಗಿಸಿದೊಡನೆ ತಕ್ಕ ಉತ್ತರ ಹುಟ್ಟಬೇಕು. ಉತ್ತರ ಎಷ್ಟೇ ಸೊಗಸಾಗಿರಲಿ, ತಡವಾಗಿ ಬಂದರೆ ಸಭೆಯಲ್ಲಿ ನಗೆಪಾಟಲು.

ಸೆಕೆಂಡಿಗೆ 60 ಫ್ರೇಮುಗಳೆಂದರೆ ಒಂದೊಂದಕ್ಕೆ ದೊರೆಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನಾರೂ ಚಿಲ್ಲರೆ ಭಾಗ ಮಾತ್ರ. ಸಾಮಾನ್ಯ ತೆರೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಣ್ಣದ ಚುಕ್ಕೆಗಳಿವೆ. ಅವೆಲ್ಲಕ್ಕೂ ಸೆಕೆಂಡಿಗೆ 60 ಸಲ ಬಣ್ಣ ನಿಶ್ಚಯಿಸಬೇಕೆಂದರೆ ಹನ್ನೆರಡು ಕೋಟಿಗೂ ಮೀರಿದ ನಿರ್ಣಯಗಳಾದವು. ಇದನ್ನು ಒಂಬತ್ತು ವರ್ಷದ ಯಂತ್ರ ಅಷ್ಟಿಷ್ಟಾದರೂ ಮಾಡುತ್ತಿದೆಯೆಂಬುದೇ ಆಶ್ಚರ್ಯವೆನ್ನಬೇಕು.

ಹಾಗಾದರೆ ಮೊದಲು ಚೆನ್ನಾಗಿ ನಡೆಯುತ್ತಿದ್ದುದು ಈಗೇಕೆ ಕುಂಟುತ್ತಿದೆ? ಎತ್ತು ಬಳಲಿದಂತೆ ಯಂತ್ರವೂ ಬಳಲುತ್ತದೆ ಎಂಬುದು ಜನರ ನಂಬಿಕೆ. ಕಂಪ್ಯೂಟರಿನ ಒಳಗಿರುವ ಸಿಲಿಕಾನ್ ಚಿಪ್ಪಿಗೆ ಅಂಥ ದಣಿವಿಲ್ಲ. 2017ರಲ್ಲಿ ಬಂದ ಇಂಟೆಲ್ ಕೋರ್ ಐ5-7400 ಎಂಬ ಪ್ರೊಸೆಸರಿನ ಮೂಲವೇಗ 3 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಮುನ್ನೂರು ಕೋಟಿ ಮಿಡಿತಗಳು. ಇಂದೂ ಅದರ ವೇಗ ಅಷ್ಟೇ. ಬದಲಾಗಿರುವುದು ಎರಡು. ಒಂದು, ಅದರ ಮೇಲೆ ಹೊರಿಸುವ ಹೊರೆ. 2012ರಿಂದ ಹುಡುಗರ ಮೆಚ್ಚಿಗೆ ಪಡೆದಿದ್ದ 'ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್' ಆಟದ ಸ್ಥಾನದಲ್ಲಿ 2023ರ ಸೆಪ್ಟೆಂಬರ್ 27ರಂದು 'ಕೌಂಟರ್-ಸ್ಟ್ರೈಕ್ 2' ಬಂದಿತು. ಆಟಗಾರ ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ, ಆಟವೇ ಭಾರವಾಯಿತು. ಇನ್ನೊಂದು ಕಾರಣ ಯಂತ್ರದ ಹೊಟ್ಟೆಯಲ್ಲಿದೆ. ಮಂಗಳೂರಿನವರಿಗೆ ಅದು ವಿಶೇಷವಾಗಿ ಸಂಬಂಧಿಸಿದ್ದು.

ಕೆಂಪು ಧೂಳು, ಉಪ್ಪು ಗಾಳಿ

ಮುರಕಲ್ಲಿನ ಊರು ಇದು. ಎಲ್ಲಿ ನೋಡಿದರೂ ಒಂದು ಮನೆ ಕೆಡವುತ್ತಾರೆ, ಒಂದು ಕಟ್ಟಡ ಏಳುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಆ ಕಲ್ಲು ಕಡಿದ ನವಿರಾದ ಕೆಂಪು ಧೂಳು ಕಿಟಕಿಯ ಸರಳು ದಾಟಿ ಒಳಗೆ ಬರುತ್ತದೆ. ಕಂಪ್ಯೂಟರಿನ ಫ್ಯಾನು ಅದನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಜೂನ್ ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಕರಾವಳಿ ಇದು. ಗೋಡೆಯೇ ಬೆವರುವ ಆ ಕಾಲದಲ್ಲಿ ಒಳಗಿನ ಧೂಳು ತೇವಾಂಶ ಹೀರಿ, ಪ್ರೊಸೆಸರಿನ ಶಾಖವನ್ನು ಹೊರಹಾಕುವ ಅಲ್ಯುಮಿನಿಯಮಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಕುಳಿತುಬಿಡುತ್ತದೆ. ಸೆಕೆಯ ಊರಿನಲ್ಲಿ ಚಿಪ್ಪಿಗೆ ಕಂಬಳಿ ಹೊದೆಸಿದಂತೆ!

ಪ್ರೊಸೆಸರಿಗೂ ಹಲ್ಲುಗಳ ತಳಕ್ಕೂ ನಡುವೆ ಶಾಖವನ್ನು ದಾಟಿಸುವುದಕ್ಕೆಂದು ಹಚ್ಚುವ ಥರ್ಮಲ್ ಪೇಸ್ಟ್ ಎಂಬ ಲೇಪವುಂಟು. ವರ್ಷಗಳು ಕಳೆದಂತೆ ಅದು ಒಣಗಿ ಬಿರಿಯುತ್ತದೆ. ಹೀಗೆ ಶಾಖಕ್ಕೆ ದಾರಿ ಮುಚ್ಚಿದಾಗ ಚಿಪ್ಪು ಸುಟ್ಟುಹೋಗುವುದಿಲ್ಲ. ಅದಕ್ಕಿಂತ ಬುದ್ಧಿವಂತ ಅದು. ಬಿಸಿ 100 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಏರಿತೆಂದರೆ ತನ್ನ ಮಿಡಿತವನ್ನು ತಾನೇ ತಗ್ಗಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡಿನ ಸ್ವಭಾವವೂ ಅಂಥದೇ. ಆಟ ಆರಂಭಿಸಿದ ಮೊದಲ ಹತ್ತು ನಿಮಿಷ ಸರಾಗವಾಗಿ ಸಾಗಿ, ಅನಂತರ ಚಿತ್ರ ಜಗ್ಗತೊಡಗುವ ಯಂತ್ರಗಳಲ್ಲಿ ಬಹುಪಾಲಿನ ರೋಗ ಇದೇ. ಇದು ವೃದ್ಧಾಪ್ಯವಲ್ಲ, ಉಸಿರುಗಟ್ಟಿದ ಸ್ಥಿತಿ.

ಚಿಕಿತ್ಸೆ ಮನೆಯಲ್ಲಿಯೇ ಸಾಧ್ಯ. ಮಳೆ ಬಿಟ್ಟ, ಗಾಳಿ ಒಣಗಿರುವ ದಿನವನ್ನು ಆರಿಸಿಕೊಳ್ಳಬೇಕು. ಪ್ಲಗ್ಗನ್ನು ಕಿತ್ತು, ಒಂದೆರಡು ನಿಮಿಷ ಬಿಟ್ಟು, ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಬೇಕು. ಒಳಗೆ ಕೈಯಿಡುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿದರೆ ಮೈಮೇಲಿನ ಸ್ಥಿರವಿದ್ಯುತ್ತು ಇಳಿದುಹೋಗುತ್ತದೆ. ಬಣ್ಣ ಬಳಿಯುವ ಒಣ ಬ್ರಷ್ಷು ಒಂದು, ಗಾಳಿ ಊದುವ ಬ್ಲೋಅರು ಒಂದು ಇದ್ದರೆ ಸಾಕು. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗು ಕೆಡುತ್ತದೆ. ಒದ್ದೆ ಬಟ್ಟೆ ಕೂಡದು. ವಿದ್ಯುತ್ತನ್ನು ಹಂಚುವ ಚೌಕಾಕಾರದ ಪವರ್ ಸಪ್ಲೈ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಹಲ್ಲಿ ಮೊಟ್ಟೆಯಿಟ್ಟಿರುವುದೂ ಇರುವೆಗಳು ಸಂಸಾರ ಹೂಡಿರುವುದೂ ಈ ಊರಿನ ಪೆಟ್ಟಿಗೆಗಳಲ್ಲಿ ಅಪರೂಪವಲ್ಲ, ಗಾಬರಿ ಬೇಡ.

ಪೇಸ್ಟನ್ನು ಹೊಸದಾಗಿ ಹಚ್ಚುವುದಕ್ಕೆ ಸ್ವಲ್ಪ ಹೆಚ್ಚಿನ ಧೈರ್ಯ ಬೇಕು. ಇಂಟೆಲ್ಲಿನ ಸಾಧಾರಣ ಫ್ಯಾನು ನಾಲ್ಕು ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತಿರುತ್ತದೆ. ಅವುಗಳನ್ನು ಬಾಣದ ಗುರುತಿನತ್ತ ತಿರುಗಿಸಿ ಮೇಲಕ್ಕೆತ್ತಬೇಕೇ ಹೊರತು ಎಳೆದು ಕೀಳಬಾರದು. ಹಳೆಯ ಲೇಪವನ್ನು ಒರಸಿ, ತೊಗರಿಕಾಳಿನಷ್ಟು ಹೊಸತನ್ನು ನಡುವೆ ಇಟ್ಟು ಮತ್ತೆ ಕೂರಿಸಿದರಾಯಿತು. ಹೆಚ್ಚು ಹಚ್ಚಿದರೆ ಹೆಚ್ಚು ತಂಪೆಂಬುದು ತಪ್ಪು ತಿಳಿವಳಿಕೆ. ಕಡಲ ಗಾಳಿಯ ಉಪ್ಪಿನಿಂದ ಮೆಮರಿ ಪಟ್ಟಿಯ ಚಿನ್ನದ ಬಣ್ಣದ ಅಂಚು ಮಸುಕಾಗಿದ್ದರೆ, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಕೊಡವಿ ಮತ್ತೆ ಕೂರಿಸುವುದು ರಿಪೇರಿಯವರ ಹಳೆಯ ಉಪಾಯ.

ಓದುವವನೊ, ಬರೆಯುವವನೊ?

ಯಂತ್ರ ತಂಪಾಯಿತು. ಇನ್ನೂ ಚಿತ್ರ ತಡವರಿಸಿದರೆ? ಇಲ್ಲಿಯೇ ಬಹು ಮಂದಿ ಅಂಗಡಿಗೆ ಓಡುವುದು. ಅದಕ್ಕೆ ಮುಂಚೆ ಅಳೆಯಬೇಕು. ವಿಂಡೋಸ್ ಕೀಲಿಯನ್ನೂ ಜಿ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಗೇಮ್ ಬಾರ್ ಎಂಬ ಫಲಕ ತೆರೆದು ಫ್ರೇಮಿನ ಎಣಿಕೆಯನ್ನೂ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು, ಮೆಮರಿಗಳ ದುಡಿಮೆಯನ್ನೂ ತೋರಿಸುತ್ತದೆ. ಬಿಸಿಯನ್ನು ಕೂಡ ನೋಡಬೇಕೆನ್ನುವವರಿಗೆ ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವಿದೆ. ಪ್ರತಿಸಲವೂ ಆಟದ ಅದೇ ದೃಶ್ಯದಲ್ಲಿ, ಅದೇ ಜಾಗದಲ್ಲಿ ನಿಂತು ಅಂಕಿಯನ್ನು ಬರೆದುಕೊಳ್ಳುವುದು ಅವಶ್ಯ.

ಆದರೆ ಸರಾಸರಿಯನ್ನೊಂದೇ ನಂಬಿ ಕೆಡಬಾರದು. ಒಂದು ಸೆಕೆಂಡಿನಲ್ಲಿ 50 ಫ್ರೇಮುಗಳು ಬಂದವೆನ್ನೋಣ. ಅವುಗಳಲ್ಲಿ 49 ಫ್ರೇಮುಗಳು ತಲಾ 10 ಮಿಲಿಸೆಕೆಂಡಿನಲ್ಲಿ ಮುಗಿದು, ಉಳಿದೊಂದು ಫ್ರೇಮು 510 ಮಿಲಿಸೆಕೆಂಡು ತೆಗೆದುಕೊಂಡರೂ ಲೆಕ್ಕದಲ್ಲಿ 50 ಎಂದೇ ಬರುತ್ತದೆ. ಆಡುವವನಿಗೆ ಮಾತ್ರ ಅರ್ಧ ಸೆಕೆಂಡು ಲೋಕವೇ ನಿಂತುಹೋಗಿದೆ. ಮೇಲೆ ಹೇಳಿದ ಹುಡುಗ ನೆಲಕ್ಕೊರಗಿದುದು ಸರಾಸರಿಯಿಂದಲ್ಲ, ಇಂಥ ಒಂದೇ ಒಂದು ಫ್ರೇಮಿನಿಂದ.

ಇನ್ನು ಪರೀಕ್ಷೆ. ಶಾಲೆಯ ಉಕ್ತಲೇಖನವನ್ನು ನೆನೆಯಿರಿ. ಒಬ್ಬ ಓದಿ ಹೇಳುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಕಂಪ್ಯೂಟರಿನಲ್ಲಿ ಓದಿ ಹೇಳುವವನು ಪ್ರೊಸೆಸರು: ಯಾರು ಎಲ್ಲಿದ್ದಾರೆ, ಗುಂಡು ಎತ್ತ ಹೋಯಿತು, ಬಾಗಿಲು ತೆರೆದಿದೆಯೊ ಮುಚ್ಚಿದೆಯೊ ಎಂಬುದೆಲ್ಲ ಅವನ ವರದಿ. ಅದನ್ನು ಚಿತ್ರವಾಗಿ ಬರೆಯುವವನು ಗ್ರಾಫಿಕ್ಸ್ ಕಾರ್ಡು. ಕೆಲಸ ಸಾಗುವುದು ಇಬ್ಬರಲ್ಲಿ ನಿಧಾನಿಯಾದವನ ವೇಗದಲ್ಲಿ. ಯಾರು ನಿಧಾನಿ? ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿರಿ. ಚುಕ್ಕೆಗಳ ಸಂಖ್ಯೆ 9,21,600ಕ್ಕೆ, ಅಂದರೆ ಅರ್ಧಕ್ಕಿಂತ ಕೆಳಗೆ, ಇಳಿಯಿತು. ಬರೆಯುವವನ ಹಾಳೆ ಚಿಕ್ಕದಾಯಿತು. ಫ್ರೇಮುಗಳು ಥಟ್ಟನೆ ಏರಿದರೆ ಬರೆಯುವವನೇ ನಿಧಾನಿ. ಅಳತೆ ಇಳಿಸಿದರೂ ಅಂಕಿ ಅಲುಗದಿದ್ದರೆ, ಬರೆಯುವವನು ಲೇಖನಿ ಹಿಡಿದು ಕಾಯುತ್ತಿದ್ದಾನೆ, ಓದುವವನ ನಾಲಗೆಯೇ ತೊದಲುತ್ತಿದೆ. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ದುಬಾರಿ ಗ್ರಾಫಿಕ್ಸ್ ಕಾರ್ಡು ತಂದು, ಒಂದು ಫ್ರೇಮೂ ಏರದೆ ತಲೆಯ ಮೇಲೆ ಕೈಹೊತ್ತು ಕುಳಿತವರುಂಟು.

ನಿಧಾನಿ ಗ್ರಾಫಿಕ್ಸ್ ಕಾರ್ಡಾದರೆ ಮೊದಲು ನೆರಳುಗಳನ್ನು ಇಳಿಸಬೇಕು. ಕಣ್ಣಿಗೆ ಕಡಮೆ ಕಾಣಿಸಿ ಯಂತ್ರಕ್ಕೆ ಹೆಚ್ಚು ಭಾರವಾಗುವ ಅಲಂಕಾರ ಅದು. ಪ್ರತಿಬಿಂಬ, ಮಂಜು, ಹೊಗೆಗಳ ಸರದಿ ಅನಂತರ. ವಸ್ತುಗಳ ಮೈಮೇಲಿನ ನವಿರನ್ನು ನಿಶ್ಚಯಿಸುವ ಟೆಕ್ಸ್ಚರ್ ಎಂಬುದನ್ನು ಮಾತ್ರ ಅವಸರದಿಂದ ಕಡಿಯಬೇಕಾಗಿಲ್ಲ. ಕಾರ್ಡಿನ ಸ್ವಂತ ಮೆಮರಿ ಸಾಲುವ ತನಕ ಅದರಿಂದ ವೇಗಕ್ಕೆ ಹೆಚ್ಚಿನ ಬಾಧೆಯಿಲ್ಲ. 2016ರಲ್ಲಿ ಬಂದು ಮಧ್ಯಮವರ್ಗದ ಮನೆಗಳಲ್ಲಿ ನೆಲಸಿದ ಜಿಟಿಎಕ್ಸ್ 1050 ಟಿಐ ಕಾರ್ಡಿನಲ್ಲಿ ಆ ಮೆಮರಿ 4 ಜಿ.ಬಿ. ಇದೆ. ನಿಧಾನಿ ಪ್ರೊಸೆಸರಾದರೆ ದೂರದ ದೃಶ್ಯದ ವ್ಯಾಪ್ತಿಯನ್ನೂ ಬೀದಿಯ ಜನಜಂಗುಳಿಯನ್ನೂ ಕಡಮೆ ಮಾಡಬೇಕು. ಹಿನ್ನೆಲೆಯಲ್ಲಿ ತೆರೆದಿಟ್ಟ ಇಪ್ಪತ್ತು ಬ್ರೌಸರ್ ಪುಟಗಳನ್ನು ಮುಚ್ಚುವುದು ಯಾವ ಖರ್ಚೂ ಇಲ್ಲದ ಔಷಧಿ.

ಈ ತಗ್ಗಿಸುವಿಕೆಯನ್ನು ಹುಡುಗರು ಅವಮಾನವೆಂದು ಬಗೆಯುವುದುಂಟು. ಅವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ 'ಡೂಮ್' ಎಂಬ ಆಟವನ್ನು ಹೊರತಂದಿತು. ಅದರ ಚಿತ್ರದ ಅಳತೆ 320×200. ಅದರ ಪರಮಾವಧಿ ವೇಗ ಸೆಕೆಂಡಿಗೆ 35 ಫ್ರೇಮು. ಅಂದಿನ ಅನೇಕ ಮನೆಗಳ ಯಂತ್ರಗಳಿಗೆ ಅದೂ ಹೊರೆಯಾಗಿತ್ತು. ಆದ್ದರಿಂದ ಕೀಲಿಯೊಂದನ್ನು ಒತ್ತಿ ಆಟದ ಕಿಟಕಿಯನ್ನೇ ಚಿಕ್ಕದಾಗಿಸುವ ಸೌಲಭ್ಯವನ್ನು ರಚನಕಾರರೇ ಇಟ್ಟಿದ್ದರು. ಲೋಕದ ಹುಡುಗರು ಅಂಗೈಯಗಲದ ಕಿಟಕಿಯಲ್ಲಿ ಆಡಿ ಸಂತೋಷಪಟ್ಟರು. ಆಟ ರಚಿಸುವವನಿಗೆ ಕೊಳ್ಳುವವನ ಮನೆಯ ಯಂತ್ರ ಎಂಥದೆಂದು ತಿಳಿದಿರುವುದಿಲ್ಲ. 2013ರಲ್ಲಿ 'ಧೂಮ್ 3' ಚಲನಚಿತ್ರದ ಆಟವನ್ನು ಫೋನುಗಳಿಗಾಗಿ ರಚಿಸಿದ, ನಮ್ಮ ನೆರೆಯ ಉಡುಪಿಯ 99ಗೇಮ್ಸ್ ಸಂಸ್ಥೆಯವರಿಗಾದರೂ ಸಮಸ್ಯೆ ಅದೇ. ಸೆಟ್ಟಿಂಗಿನ ಪುಟವಿರುವುದು ಈ ಕಾರಣದಿಂದಲೇ.

ಇಂದಿನ ಹುಡುಗನಿಗೆ ಡೂಮ್ ಕಾಲದವರಿಗಿಲ್ಲದ ಒಂದು ಅನುಕೂಲವಿದೆ. ಚಿಕ್ಕ ಅಳತೆಯಲ್ಲಿ ಚಿತ್ರ ರಚಿಸಿ, ಅಂಚುಗಳನ್ನು ಜಾಣತನದಿಂದ ತಿದ್ದಿ, ದೊಡ್ಡ ತೆರೆಗೆ ಹಿಗ್ಗಿಸುವ ವಿದ್ಯೆ ಅದು. ಎನ್‌ವಿಡಿಯಾ ಸಂಸ್ಥೆಯ ಡಿಎಲ್ಎಸ್ಎಸ್ ಎಂಬುದು ಅದರ ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ ಮೀಸಲು, ಹಳೆಯವರಿಗೆ ಪಂಕ್ತಿಯಿಲ್ಲ. ಪ್ರತಿಸ್ಪರ್ಧಿಯಾದ ಎಎಂಡಿ ಸಂಸ್ಥೆ 2021ರ ಜೂನಿನಲ್ಲಿ ಹೊರಡಿಸಿದ ಎಫ್ಎಸ್ಆರ್ ಎಂಬುದು ಇತರ ಸಂಸ್ಥೆಗಳ ಹಳೆಯ ಕಾರ್ಡುಗಳಲ್ಲಿಯೂ ನಡೆಯುತ್ತದೆ. ಅದರ 'ಕ್ವಾಲಿಟಿ' ಕ್ರಮದಲ್ಲಿ 1280×720ರ ಚಿತ್ರ 1920×1080ರ ತೆರೆಯನ್ನು ತುಂಬುತ್ತದೆ. ಹತ್ತಿರ ಕೂತು ನೋಡಿದರೆ ಕೊಂಚ ಮಸುಕು ಕಂಡೀತು. 'ಕೌಂಟರ್-ಸ್ಟ್ರೈಕ್ 2' ಆಟದಲ್ಲಿ ಈ ಸೌಲಭ್ಯವಿದೆ.

ಹಣ ಕೊಟ್ಟು ಕೊಳ್ಳುವುದಾದರೆ

ಖರ್ಚು ಮಾಡಲೇಬೇಕೆಂದಾದರೆ ಮೊದಲ ರೂಪಾಯಿ ಮೆಮರಿಗೆ ಸಲ್ಲಬೇಕು. 2017ರ ಸುಮಾರಿನಲ್ಲಿ ಅಂಗಡಿಯವರು 8 ಜಿ.ಬಿ.ಯ ಒಂದೇ ಪಟ್ಟಿ ಹಾಕಿಕೊಟ್ಟ ಯಂತ್ರಗಳು ಬಹಳ. ಅಂಥದೇ ಇನ್ನೊಂದು ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ಲಾಭ ಇಮ್ಮಡಿ. ಜಾಗ ಹೆಚ್ಚುತ್ತದೆ, ಜೊತೆಗೆ ಪ್ರೊಸೆಸರು ಎರಡು ದಾರಿಗಳಿಂದ ಏಕಕಾಲಕ್ಕೆ ಓದುವುದು ಸಾಧ್ಯವಾಗುತ್ತದೆ. ಡಿಡಿಆರ್4-2400 ಪಟ್ಟಿ ಒಂದಿದ್ದಾಗ ಸೆಕೆಂಡಿಗೆ 19.2 ಜಿ.ಬಿ. ಹರಿಯಬಲ್ಲ ದಾರಿ, ಎರಡಾದಾಗ 38.4 ಆಗುತ್ತದೆ. ಪ್ರತ್ಯೇಕ ಕಾರ್ಡಿಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನೆಚ್ಚಿದ ಮನೆಗಳಲ್ಲಿ ಇದರ ಪ್ರಯೋಜನ ಎದ್ದು ಕಾಣುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮರಿಯ ಬೆಲೆ ಲೋಕದಾದ್ಯಂತ ಏರಿದ್ದರಿಂದ, ಬಳಸಿದ ಪಟ್ಟಿಯನ್ನು ಪರೀಕ್ಷಿಸಿ ಕೊಳ್ಳುವುದರಲ್ಲಿಯೂ ತಪ್ಪಿಲ್ಲ.

ಎಸ್ಎಸ್‌ಡಿ ಹಾಕಿದರೆ ಫ್ರೇಮು ಏರುತ್ತದೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಏರಿಸುವುದಿಲ್ಲ. ಆಟ ತೆರೆಯಲು ಹಿಡಿಯುವ ಕಾಲವನ್ನು ಕಡಮೆ ಮಾಡುತ್ತದೆ. ಹೊಸ ಬೀದಿಗೆ ಕಾಲಿಟ್ಟಾಗ ಹಳೆಯ ಹಾರ್ಡ್ ಡಿಸ್ಕು ತಡಕಾಡುವುದರಿಂದ ಆಗುತ್ತಿದ್ದ ಎಡವುವಿಕೆಯನ್ನು ನೀಗುತ್ತದೆ. ಅಷ್ಟೇ ಆದರೂ ಕೊಳ್ಳತಕ್ಕದ್ದೇ, ಏಕೆಂದರೆ ಮನೆಯ ಇತರ ಕೆಲಸಗಳೆಲ್ಲ ಅದರಿಂದ ಚುರುಕಾಗುತ್ತವೆ. ಒಂದು ಗುಂಡಿ ಒತ್ತಿದರೆ ವೇಗ ಇಮ್ಮಡಿಸುವುದೆಂದು ಸಾರುವ 'ಬೂಸ್ಟರ್' ತಂತ್ರಾಂಶಗಳನ್ನು ಮಾತ್ರ ಮನೆಯೊಳಗೆ ಸೇರಿಸಕೂಡದು. ತಾಯಂದಿರು ಬ್ಯಾಂಕಿನ ಲೆಕ್ಕ ನೋಡುವ ಯಂತ್ರವೂ ಅದೇ ತಾನೆ?

ಈ ಕಾರಣದಿಂದಲೇ ಹುಡುಗನ ಪಕ್ಷದಲ್ಲಿರುವ ಸತ್ಯವನ್ನೂ ಮರೆಮಾಚಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ರಕ್ಷಣಾ ಪರಿಷ್ಕಾರಗಳನ್ನು ಇನ್ನೊಂದು ವರ್ಷ ಪಡೆಯಲು ಗೃಹಬಳಕೆದಾರರಿಗೆ ಏರ್ಪಾಡು ಮಾಡಲಾಯಿತು. ವಿಂಡೋಸ್ 11 ಬೇಕೆಂದರೆ, ಇಂಟೆಲ್ಲಿನವುಗಳಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆ ಮತ್ತು ಅನಂತರದ ಪ್ರೊಸೆಸರುಗಳಿಗೇ ಪ್ರವೇಶ. 2017ರ ಐ5-7400 ಏಳನೆಯ ಪೀಳಿಗೆಯದು, ಹೊಸ್ತಿಲಲ್ಲಿಯೇ ನಿಂತಿತು. 1050 ಟಿಐ ಮತ್ತು ಅದರ ಓರಗೆಯ ಕಾರ್ಡುಗಳಿಗೆ, ಹೊಸ ಆಟಗಳಿಗೆಂದು ಹೊಂದಿಸಿದ ಡ್ರೈವರುಗಳು 2025ರ ಅಕ್ಟೋಬರಿಗೆ ಕೊನೆಯೆಂದೂ ರಕ್ಷಣಾ ಪರಿಷ್ಕಾರಗಳು ಮಾತ್ರ 2028ರ ಅಕ್ಟೋಬರಿನವರೆಗೆ ಸಿಗುವುವೆಂದೂ ಎನ್‌ವಿಡಿಯಾ ಪ್ರಕಟಿಸಿತು. ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಕೊಂಡು, ವಾಲ್ವ್ ಸಂಸ್ಥೆ 2018ರಲ್ಲಿ ಒದಗಿಸಿದ 'ಪ್ರೋಟಾನ್' ಮೂಲಕ ಅನೇಕ ವಿಂಡೋಸ್ ಆಟಗಳನ್ನು ಆಡಬಹುದು. ಆದರೆ 'ವ್ಯಾಲರಂಟ್' ಅಲ್ಲಿ ನಡೆಯದು. ಇಂಥ ಯಂತ್ರಕ್ಕೆ ಎರಡು ಮೂರು ವರ್ಷಗಳ ಆಯುಷ್ಯವನ್ನು ಕೂಡಿಸಬಹುದು, ಹತ್ತನ್ನಲ್ಲ. ಮಗನ ಮುಂದಿನ ಓದಿಗೆ ಯಂತ್ರ ಬೇಕಾಗುವ ಹೊತ್ತಿಗೆ, ಆ ಓದಿಗೆ ಒಗ್ಗುವ ಯಂತ್ರವನ್ನೇ ನೋಡಿ ಕೊಳ್ಳಲು ತಂದೆಗೆ ದೊರೆಯುವ ಅವಕಾಶ ಈ ಎರಡು ಮೂರು ವರ್ಷಗಳಲ್ಲಿದೆ.

ಆಟಿಯ ನಡುವೆ ಮಳೆ ಬಿಟ್ಟ ಒಂದು ಭಾನುವಾರ ಬೆಳಗ್ಗೆ ಆ ಮನೆಯ ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಪೆಟ್ಟಿಗೆಯನ್ನು ಮಲಗಿಸಿ, ತಂದೆ ಮಗ ಇಬ್ಬರೂ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಒಳಗಿನಿಂದ ಹಿಡಿಯಷ್ಟು ಕೆಂಪು ಧೂಳು ಹೊರಬಂದಿದೆ. ಹಲ್ಲಿಯ ಮೊಟ್ಟೆಯ ಎರಡು ಚಿಪ್ಪುಗಳೂ ಬಂದಿವೆ.

"ನೋಡು, ಮನೆ ಕಟ್ಟುವಷ್ಟು ಮಣ್ಣುಂಟು," ಎಂದು ತಾಯಿ ಬಾಗಿಲಲ್ಲಿ ನಿಂತು ನಕ್ಕರು.

ಖರ್ಚಾದುದು ಪೇಸ್ಟಿನ ಒಂದು ಕೊಳವೆಗೆ. ಮೆಮರಿಯ ಎರಡನೆಯ ಪಟ್ಟಿಯನ್ನು ಚೌತಿಗೆ ಬರುವಾಗ ತರುವೆನೆಂದು ಅಕ್ಕ ಬೆಂಗಳೂರಿನಿಂದ ಫೋನಿನಲ್ಲಿ ಒಪ್ಪಿಕೊಂಡಿದ್ದಾಳೆ. ಸಂಜೆ ಹುಡುಗ ಅದೇ ಗೋಡೆಯ ಮರೆಯಲ್ಲಿ ಅದೇ ಎದುರಾಳಿಗಾಗಿ ಕಾದನು. ಚಿತ್ರ ನಿಲ್ಲಲಿಲ್ಲ. ಆದರೂ ಸೋತನು, ಆ ಸೋಲಿನ ಹೊಣೆಯನ್ನು ಯಂತ್ರದ ಮೇಲೆ ಹೊರಿಸಲಾಗದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತನು. ಬಳಿಕ ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ದೀಪಾವಳಿಯ ಮುಂಚಿನ ಭಾನುವಾರದ ಮೇಲೆ ಪೆನ್ಸಿಲಿನಿಂದ 'ಫ್ಯಾನು' ಎಂದು ಬರೆದನು. ತಾಯಿ ಆ ಬ್ರಷ್ಷನ್ನು ತೊಳೆದು, ಕಡೆಯುವ ಕಲ್ಲಿನ ಪಕ್ಕದ ಮೊಳೆಗೆ ತೂಗಹಾಕಿದರು.